ಪುಕ್ಕಟೆ ವಕೀಲರಲ್ಲ, ಹಕ್ಕಿನ ವಕೀಲರು



"ಪುಕ್ಕಟೆ ಸಿಗೋ ವಕೀಲ ಏನ್ ವಾದ ಮಾಡ್ತಾನ್ರೀ ಸರ?"

ಗದಗ ತಾಲ್ಲೂಕಿನ ಮುಳಗುಂದದಲ್ಲಿ ಒಬ್ಬ ತಾಯಿ ನನಗೆ ಕೇಳಿದ ಪ್ರಶ್ನೆ ಇದು. ಅಪ್ಪ ತೀರಿಕೊಂಡಿದ್ದಾರೆ. ಪಿತ್ರಾರ್ಜಿತ ಹೊಲ ಇದೆ. ಅಣ್ಣಂದಿರು ಹಕ್ಕು ಬಿಡುಗಡೆ ಪತ್ರ ಮುಂದಿಟ್ಟು "ಇಲ್ಲೊಂದು ಹೆಬ್ಬೆಟ್ಟು ಒತ್ತವಾ ತಂಗಿ" ಅಂತಿದ್ದಾರೆ. ಗದಗಿಗೆ ಹೋಗಿ ವಕೀಲರನ್ನು ಹಿಡಿಯೋಣ ಅಂದ್ರೆ ಫೀಸಿಗೆ ದುಡ್ಡಿಲ್ಲ.

ಆ ತಾಯಿಗೆ ಗೊತ್ತಿಲ್ಲದ ಸಂಗತಿ ಏನು ಗೊತ್ತಾ? ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಸಮಪಾಲು. ಕರ್ನಾಟಕ ಈ ದಿಕ್ಕಿನಲ್ಲಿ 1994ರಲ್ಲೇ ಕಾನೂನು ಮಾಡಿತ್ತು. 2005ರಲ್ಲಿ ಇಡೀ ದೇಶಕ್ಕೆ ಬಂತು. ಅಪ್ಪ 2005ಕ್ಕಿಂತ ಮುಂಚೆಯೇ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗುವುದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದ್ರೆ ಒಮ್ಮೆ ಹೆಬ್ಬೆಟ್ಟು ಬಿದ್ದು ಪತ್ರ ನೋಂದಣಿಯಾಯ್ತು ಅಂದ್ರೆ, ಅದನ್ನು ರದ್ದು ಮಾಡಿಸೋಕೆ ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕು. ಹೆಬ್ಬೆಟ್ಟಿಗೆ ಮೊದಲು ಹತ್ತು ನಿಮಿಷ ಕೂತು ತಿಳಿಸಿ ಹೇಳುವವರು ಬೇಕು. ಆ ಹತ್ತು ನಿಮಿಷವೇ ಕಾನೂನು ನೆರವಿನ ವಕೀಲರ ದೊಡ್ಡ ಕೆಲಸ.

ಇದು ಯಾರೋ ಕೊಡುವ ದಾನ ಅಲ್ಲ ವೀಕ್ಷಕರೇ. 1976ರಲ್ಲಿ ಸಂವಿಧಾನಕ್ಕೆ 39ಎ ವಿಧಿ ಸೇರಿತು. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರಲ್ಲಿ ಆಯಿತು, ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು - ಇವರ ಆದಾಯ ಎಷ್ಟು ಅಂತ ಕೇಳುವ ಹಾಗೇ ಇಲ್ಲ.

ಇನ್ನು ಆ ವಕೀಲರ ಬದುಕು ನೋಡಿ. 2022ರಿಂದ ಕ್ರಿಮಿನಲ್ ಕೇಸುಗಳಿಗಾಗಿ ಪೂರ್ಣಾವಧಿ ಕಾನೂನು ನೆರವು ವಕೀಲರ ವ್ಯವಸ್ಥೆ ಬಂದಿದೆ. ತಿಂಗಳಿಗೆ ನಿಗದಿತ ಗೌರವಧನ. ಖಾಸಗಿ ಕೇಸು ಹಿಡಿಯುವಂತಿಲ್ಲ. ಜೊತೆಗೆ ಓದಿದವರು ಸೈಟು, ಕಾರು ಮಾಡಿಕೊಂಡಿರುತ್ತಾರೆ. ಇವರು ಮಾತ್ರ ಬೆಳಿಗ್ಗೆ ರಿಮ್ಯಾಂಡ್, ಮಧ್ಯಾಹ್ನ ಜೈಲು ಭೇಟಿ ಅಂತ ಓಡಾಡ್ತಿರ್ತಾರೆ. ಗೆದ್ದರೆ ಪೇಪರಿನಲ್ಲಿ ಹೆಸರು ಬರಲ್ಲ. ಸೋತರೆ "ಪುಕ್ಕಟೆ ವಕೀಲ ಅಲ್ವಾ" ಅನ್ನೋ ಮಾತು ಖಂಡಿತ ಬರುತ್ತೆ.

ಇವರು ಇಲ್ಲದಿದ್ದರೆ ಏನಾಗುತ್ತೆ? ಅರುಣಾಚಲ ಪ್ರದೇಶದ ಸುಖ್ ದಾಸ್ ಪ್ರಕರಣ ನೋಡಿ. ವಕೀಲರೇ ಇಲ್ಲದೆ ವಿಚಾರಣೆ ನಡೆದು ಶಿಕ್ಷೆಯೂ ಆಯಿತು. "ಆತ ವಕೀಲರನ್ನು ಕೇಳಲಿಲ್ಲವಲ್ಲ" ಎಂಬ ಸಬೂಬನ್ನು 1986ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಶಿಕ್ಷೆ ರದ್ದಾಯಿತು. ಹಕ್ಕು ಇದೆ ಅಂತಲೇ ಗೊತ್ತಿಲ್ಲದವನು ಕೇಳೋದಾದ್ರೂ ಹೇಗೆ?

ಹಾಗಂತ ಎಲ್ಲವೂ ಸರಿ ಇದೆ ಅಂತ ನಾನು ಹೇಳಲ್ಲ. ಕಾಟಾಚಾರಕ್ಕೆ ಹಾಜರಾಗುವವರೂ ಇದ್ದಾರೆ, ಬಡವರ ಮುಂದೆ ಕೈ ಚಾಚುವವರೂ ಇದ್ದಾರೆ. ಒಂದು ರೂಪಾಯಿ ಕೇಳಿದರೂ ಪ್ರಾಧಿಕಾರಕ್ಕೆ ದೂರು ಕೊಡಿ.

ಮುಳಗುಂದ ಕವಿ ನಯಸೇನನ ಊರು. ಕನ್ನಡದೊಳಗೆ ಸಂಸ್ಕೃತ ತುರುಕುವುದು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಎಂದು ಒಂಬತ್ತು ಶತಮಾನಗಳ ಹಿಂದೆಯೇ ಹೇಳಿದವನು ಆತ. ಜನರಿಗೆ ತಿಳಿಯುವ ಮಾತಲ್ಲಿ ಹೇಳಿ ಅಂದ. ಒಳ್ಳೆ ಕಾನೂನು ನೆರವಿನ ವಕೀಲರು ಮಾಡೋದೂ ಅದನ್ನೇ. ಕೋರ್ಟಿನ ಭಾಷೆಯನ್ನು ಹೊಲದ ಬದುವಿನ ಭಾಷೆಗೆ ತರ್ತಾರೆ.

ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: "ಯವ್ವಾ, ಇವತ್ತು ಹೆಬ್ಬೆಟ್ಟು ಒತ್ತಬ್ಯಾಡ್ರಿ. ಗದಗದ ಕೋರ್ಟ್ ಆವರಣದಾಗ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಆಫೀಸ್ ಐತಿ, ಮೊದಲು ಅಲ್ಲಿಗೆ ಹೋಗ್ರಿ."

ನಿಮಗೂ ಅದನ್ನೇ ಹೇಳ್ತೀನಿ. ಸಹಾಯವಾಣಿ ಸಂಖ್ಯೆ 15100. ನಿಮ್ಮ ಅಕ್ಕ-ತಂಗಿಯರ ಫೋನಿನಲ್ಲಿ ಇವತ್ತೇ ಬರೆದಿಡಿ.