ವೈದ್ಯರ ಮಾತು, ರೋಗಿಯ ಮಾತು



ರೋಗ ಗುಣವಾಗುವುದು ಔಷಧವೊಂದರಿಂದಲೇ ಏನು? ಈ ಪ್ರಶ್ನೆಗೆ ಚರಕಸಂಹಿತೆಯ ಸೂತ್ರಸ್ಥಾನವು ಬಹು ಹಿಂದೆಯೇ ಉತ್ತರ ಕೊಟ್ಟಿದೆ. ಚಿಕಿತ್ಸೆಗೆ ನಾಲ್ಕು ಪಾದಗಳು: ವೈದ್ಯ, ಔಷಧ, ಉಪಚಾರಕ, ರೋಗಿ. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳು. ರೋಗಿಗೆ ಬೇಕಾದವು ಸ್ಮೃತಿ, ಹೇಳಿದಂತೆ ನಡೆಯುವಿಕೆ, ನಿರ್ಭಯತೆ ಮತ್ತು ಜ್ಞಾಪಕತ್ವ. ಜ್ಞಾಪಕತ್ವವೆಂದರೆ ಇಲ್ಲಿ ನೆನಪಲ್ಲ. ತನ್ನ ಬಾಧೆಯನ್ನು ವೈದ್ಯನಿಗೆ ತಿಳಿಯುವಂತೆ ಹೇಳುವ ಶಕ್ತಿ. ರೋಗಿಯನ್ನು ನೋಡಬೇಕು, ಮುಟ್ಟಬೇಕು, ಕೇಳಬೇಕು ಎಂದು ಅಷ್ಟಾಂಗಹೃದಯ ಮೂರು ಬಗೆಯ ಪರೀಕ್ಷೆ ಹೇಳುತ್ತದೆ. ಕೇಳುವುದೂ ಪರೀಕ್ಷೆಯೇ. ಹನ್ನೆರಡನೆಯ ಶತಮಾನದ ಶರಣ ವೈದ್ಯ ಸಂಗಣ್ಣನವರಿಗೆ ವೈದ್ಯವೇ ಕಾಯಕವಾಗಿತ್ತು. ಕಾಯಕದಲ್ಲಿ ಅವಸರಕ್ಕೆ ಎಡೆಯಿಲ್ಲ.

ನಮ್ಮ ಈ ಭಾಗದಲ್ಲಿ ಕೇಳುವುದು, ಹೇಳುವುದು ಎರಡೂ ಕಠಿಣ. ಸೇಡಂ, ಚಿಂಚೋಳಿಗಳ ಗಡಿಗ್ರಾಮಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಚಿತ್ತಾಪುರ, ಶಹಾಬಾದಗಳ ಓಣಿಗಳಲ್ಲಿ ಕನ್ನಡದೊಡನೆ ಉರ್ದು, ವಾಡಿಯ ಸಿಮೆಂಟ್ ಕಾರ್ಖಾನೆಗೆ ಪರರಾಜ್ಯಗಳಿಂದ ಬಂದ ಕಾರ್ಮಿಕರದು ಹಿಂದಿ. ಮೈಸೂರು ಕಡೆಯಿಂದ ಬಂದ ವೈದ್ಯರಿಗೆ ನಮ್ಮ ಕಲಬುರಗಿ ಕನ್ನಡವೇ ಹೊಸದು. "ಜೀವಕ್ಕ ಸಮಾಧಾನ ಇಲ್ರೀ" ಎಂದು ರೋಗಿ ಹೇಳಿದರೆ ಅದು ಎದೆನೋವೋ, ಹೊಟ್ಟೆಯ ಸಂಕಟವೋ, ಮನೋವ್ಯಥೆಯೋ? ಇನ್ನೆರಡು ಪ್ರಶ್ನೆ ಕೇಳಿದಾಗಲ್ಲವೇ ತಿಳಿಯುವುದು?

ಕ್ಷಯರೋಗವನ್ನೇ ತೆಗೆದುಕೊಳ್ಳಿ. ಕಲ್ಲಿನ ಗಣಿಯಲ್ಲಿ ದುಡಿಯುವವನು "ಧೂಳಿನಾಗ ಕೆಲಸ, ಕೆಮ್ಮು ಇರೋದೇ" ಎನ್ನುತ್ತಾನೆ. ಎರಡು ವಾರ ಮೀರಿದ ಕೆಮ್ಮಿಗೆ ಕಫಪರೀಕ್ಷೆ ಆಗಲೇಬೇಕೆಂದು ಅವನಿಗೆ ಯಾರು ಹೇಳಿದರು? ರೋಗ ತಿಳಿದ ಮೇಲೆ ಸಾಮಾನ್ಯವಾಗಿ 6 ತಿಂಗಳ ಗುಳಿಗೆ. ಸರಕಾರ ಅದನ್ನು ಉಚಿತವಾಗಿ ಕೊಡುತ್ತದೆ. ಒಂದೆರಡು ತಿಂಗಳಲ್ಲಿ ಕೆಮ್ಮು ಇಳಿದು ಹಸಿವು ಮರಳುತ್ತದೆ. "ಕೆಮ್ಮು ನಿಂತದ, ಗುಳಿಗಿ ಯಾಕ?" ಎಂದು ಆತ ನಿಲ್ಲಿಸಿಬಿಡುತ್ತಾನೆ. ಉಳಿದ ರೋಗಾಣುಗಳು ಆ ಔಷಧಕ್ಕೆ ಬಗ್ಗದಷ್ಟು ಬಲಿಯುತ್ತವೆ, ಮನೆಯ ಮಕ್ಕಳಿಗೂ ಹಬ್ಬುತ್ತವೆ. ಔಷಧವಿತ್ತು, ವೈದ್ಯರಿದ್ದರು, ಮಾತೊಂದು ಮುಟ್ಟಲಿಲ್ಲ, ಜೀವ ಹೋಯಿತು.

ತೊಗರಿ ಬಿತ್ತುವ ರೈತನನ್ನು ನೀವು ನೋಡಿದ್ದೀರಿ. ಕೂರಿಗೆಯ ಬಟ್ಟಲಿಗೆ ಬೀಜ ಹಾಕಿದೆನೆಂದು ಅವನು ಸುಮ್ಮನಾಗುವುದಿಲ್ಲ. ಬಿದಿರ ಕೊಳವೆಯಲ್ಲಿ ಮಣ್ಣು ಕಟ್ಟಿದೆಯೋ, ಕಾಳು ಸಾಲಿಗೆ ಬಿದ್ದಿತೋ ಎಂದು ಬಗ್ಗಿ ನೋಡುತ್ತಾನೆ. ವೈದ್ಯರೂ ದಾದಿಯರೂ ಹಾಗೆಯೇ ನೋಡಬೇಕು. "ತಿಳೀತೇನು?" ಎಂದರೆ ಭಯಕ್ಕೆ ಎಲ್ಲರೂ "ಹೂಂ" ಎನ್ನುತ್ತಾರೆ. "ಮನೆಗೆ ಹೋಗಿ ಗುಳಿಗೆ ಹೇಗೆ ತೆಗೆದುಕೊಳ್ಳುವಿರಿ, ನೀವೇ ಹೇಳಿರಿ" ಎಂದು ಕೇಳಿದರೆ ಕಾಳು ಬಿದ್ದಿತೋ ಇಲ್ಲವೋ ಗೊತ್ತಾಗುತ್ತದೆ.

ಕಾಯಿದೆಯೂ ಇದನ್ನೇ ಬಯಸುತ್ತದೆ. ವೈದ್ಯರ ವೃತ್ತಿನಡತೆಯ 2002ರ ನಿಯಮಗಳಂತೆ ರೋಗಿ ಕೇಳಿದರೆ ಚಿಕಿತ್ಸೆಯ ದಾಖಲೆಗಳನ್ನು 72 ಗಂಟೆಗಳೊಳಗೆ ಕೊಡಬೇಕು. ಔಷಧದ ಚೀಟಿಯನ್ನು ಓದಲು ಬರುವಂತೆ ಬರೆಯಬೇಕೆಂದು 2016ರಲ್ಲಿ ತಿದ್ದುಪಡಿಯೂ ಆಯಿತು.

ಆದರೆ ಭಾರವೆಲ್ಲ ವೈದ್ಯರದಲ್ಲ. ತಾಲೂಕು ಆಸ್ಪತ್ರೆಯ ಬಾಗಿಲಲ್ಲಿ ಬೆಳಗಿನಿಂದ ನಿಂತ ಸಾಲನ್ನು ನೀವೂ ಕಂಡಿದ್ದೀರಿ. ಆದ್ದರಿಂದ ನಾವು ಭಕ್ತರಿಗೆ ಹೇಳುವುದಿಷ್ಟು. ಹಳೆಯ ಚೀಟಿ, ನುಂಗುತ್ತಿರುವ ಗುಳಿಗೆ ಜೊತೆಗೊಯ್ಯಿರಿ. ಮದ್ಯ, ತಂಬಾಕು, ನಾಟಿ ಔಷಧ ಯಾವುದನ್ನೂ ಮುಚ್ಚಿಡಬೇಡಿರಿ. ಸೊಸೆಯ ಬಾಧೆಯನ್ನು ಅತ್ತೆಯೋ ಗಂಡನೋ ಹೇಳದೆ, ಆಕೆಯೇ ಏಕಾಂತದಲ್ಲಿ ಹೇಳಲು ಬಿಡಿರಿ. ಹೊರಡುವ ಮುನ್ನ ಮೂರು ಪ್ರಶ್ನೆ ಕೇಳಿರಿ: ನನಗಿರುವ ರೋಗವೇನು? ಔಷಧ ಎಷ್ಟು ದಿನ? ಏನಾದರೆ ತಕ್ಷಣ ಮರಳಿ ಬರಬೇಕು? ಮಾತು ತಿಳಿಯದಿದ್ದರೆ ಊರಿನ ಆಶಾ ತಾಯಿಯನ್ನು ಕರೆದೊಯ್ಯಿರಿ. 2005ರಲ್ಲಿ ಆರಂಭವಾದ ಆ ಸೇವೆ ಹಳ್ಳಿಗೂ ಆಸ್ಪತ್ರೆಗೂ ಸೇತುವೆ. ದುಃಖದ ಘಳಿಗೆಯಲ್ಲಿ ವೈದ್ಯರ ಮೇಲೆ ಕೈ ಎತ್ತುವುದು ಮಹಾಪಾಪ. ಕೈ ಎತ್ತಿದಲ್ಲಿ ಮಾತು ಸಾಯುತ್ತದೆ.

ಈ ಸಭೆಯಲ್ಲಿರುವ ವೈದ್ಯರೂ ದಾದಿಯರೂ ರೋಗಿಯ ಮಾತನ್ನು ಕಡೆಯವರೆಗೆ ಕೇಳುವಂತಾಗಲಿ, ಭಕ್ತರು ನಿರ್ಭಯವಾಗಿ ಹೇಳುವಂತಾಗಲಿ, ಚಿಕಿತ್ಸೆಯ ನಾಲ್ಕೂ ಪಾದಗಳು ನೆಲದ ಮೇಲೆ ಗಟ್ಟಿಯಾಗಿ ನಿಲ್ಲಲಿ ಎಂದು ಹಾರೈಸಿ, ಎಲ್ಲರಿಗೂ ಆಯುರಾರೋಗ್ಯವನ್ನು ಕೋರುತ್ತೇವೆ.