ರೆಸ್ಯೂಮೆಯಲ್ಲಿ ಹಾಕಲಾಗದ ಕೆಲಸ

ಕೊಯಿಲದಿಂದ ಮಾತಾಡ್ತಾ ಇದ್ದೇನೆ. ಇವತ್ತು ಒಬ್ಬ ಸಬ್‌ಮರೀನ್ ಕಮಾಂಡರ್ ಕತೆ. ಇದರಲ್ಲಿ ಎರಡು ರೇಡಿಯೋ ಹಾಡುಗಳಿಗೂ ದೊಡ್ಡ ಪಾತ್ರ ಉಂಟು.

ಹೆಸರು ಮೋಹನ್ ನಾರಾಯಣ ರಾವ್ ಸಾಮಂತ್. 1969ರ ಸೆಪ್ಟೆಂಬರ್ 4ರಂದು ಸೋವಿಯತ್ ಒಕ್ಕೂಟದ ರೀಗಾದಲ್ಲಿ ನಮ್ಮ ನೌಕಾಪಡೆಗೆ ಸೇರಿದ ಐಎನ್‌ಎಸ್ ಕರಂಜ್‌ಗೆ ಇವರೇ ಮೊದಲ ಕಮಾಂಡರ್. ಅದು ಭಾರತದ ಮೂರನೇ ಸಬ್‌ಮರೀನ್. ಅಂದ್ರೆ ಈ ಕೆಲಸ ಗೊತ್ತಿದ್ದವರೇ ಆಗ ಬೆರಳೆಣಿಕೆಯಷ್ಟು ಜನ.

1971ರ ಯುದ್ಧಕ್ಕೆ ಕರಂಜ್ ಹೋಯಿತು. ಆದರೆ ಆಗ ಅದರ ಕಮಾಂಡರ್ ವಿ.ಎಸ್. ಶೆಖಾವತ್, ಮುಂದೆ ನೌಕಾಪಡೆಯ ಮುಖ್ಯಸ್ಥರಾದವರು. ಸಾಮಂತ್‌ಗೆ ಸಿಕ್ಕಿದ್ದು ಹೊರಗೆ ಬಾಯಿಬಿಡುವ ಹಾಗಿಲ್ಲದ ಕೆಲಸ.

ಆ ವರ್ಷ ಮಾರ್ಚ್‌ನಲ್ಲಿ ಪಾಕಿಸ್ತಾನದ ಸಬ್‌ಮರೀನ್ ಮಾಂಗ್ರೋ ಫ್ರಾನ್ಸ್‌ನ ತೂಲೋನ್ ಬಂದರಿನಲ್ಲಿತ್ತು. ಢಾಕಾದಲ್ಲಿ ಸೇನೆ ತಮ್ಮವರನ್ನೇ ಕೊಲ್ಲುತ್ತಿದೆ ಅಂತ ಗೊತ್ತಾದಾಗ ಅದರ ಎಂಟು ಬಂಗಾಳಿ ನಾವಿಕರು ತಪ್ಪಿಸಿಕೊಂಡು, ಸ್ಪೇನ್ ಮೂಲಕ ಭಾರತಕ್ಕೆ ಬಂದರು. ಪ್ಲಾಸಿ ಹತ್ತಿರ, ಭಾಗೀರಥಿ ನದಿ ದಡದಲ್ಲಿ ಗುಪ್ತ ಕ್ಯಾಂಪ್ ಶುರುವಾಯಿತು. ಪೂರ್ವ ಬಂಗಾಳದ ನೂರಾರು ಹುಡುಗರು ಅಲ್ಲಿ ರಾತ್ರಿ ಈಜುವುದನ್ನು, ಹಡಗಿನ ತಳಕ್ಕೆ ಲಿಂಪೆಟ್ ಮೈನ್ ಅಂಟಿಸುವುದನ್ನು ಕಲಿತರು. ಈ ಕಾರ್ಯಾಚರಣೆಯ ಹೊಣೆ ಹೊತ್ತವರಲ್ಲಿ ಸಾಮಂತ್ ಮುಖ್ಯರು. ಸದ್ದಿಲ್ಲದೆ ಹತ್ತಿರ ಹೋಗುವುದು, ಹೊಡೆಯುವುದು, ಮಾಯವಾಗುವುದು. ಸಬ್‌ಮರೀನ್ ಬುದ್ಧಿಯೇ ಅದು, ಹಡಗು ಮಾತ್ರ ಇಲ್ಲ.

ಸಿಗ್ನಲ್ ಹೇಗೆ? ಕಲ್ಕತ್ತಾ ಆಕಾಶವಾಣಿಯಲ್ಲಿ ಒಂದು ಹಾಡು ಬಂದರೆ ತಯಾರಾಗಿ, ಇನ್ನೊಂದು ಬಂದರೆ ಹೊಡೆಯಿರಿ. ಆಗಸ್ಟ್ 15ರ ರಾತ್ರಿ ಚಿತ್ತಗಾಂಗ್, ಮೊಂಗ್ಲಾ, ಚಾಂದ್‌ಪುರ, ನಾರಾಯಣಗಂಜ್, ನಾಲ್ಕೂ ಬಂದರುಗಳ ಮೇಲೆ ದಾಳಿ ನಡೆಯಿತು. ಮಳೆಗಾಲದಲ್ಲಿ ಉಪ್ಪಿನಂಗಡಿ ಸಂಗಮ ನೋಡಿದವರಿಗೆ ಹೇಳಬೇಕಾಗಿಲ್ಲ, ಆಗಸ್ಟ್‌ನ ನದಿಗೆ ಇಳಿಯುವುದು ತಮಾಷೆ ಅಲ್ಲ ಮಾರಾಯ್ರೆ.

ಡಿಸೆಂಬರ್‌ನಲ್ಲಿ ಸಾಮಂತ್ ತಾವೇ ನದಿಗಿಳಿದರು. ಐಎನ್‌ಎಸ್ ಪನ್ವೇಲ್, ಜೊತೆಗೆ ಪದ್ಮಾ, ಪಲಾಶ್ ಎಂಬ ಗನ್‌ಬೋಟ್‌ಗಳು. ಮೊಂಗ್ಲಾ ದಾಟಿ ಖುಲ್ನಾ ಕಡೆ ಹೋಗುವಾಗ, 10ನೇ ತಾರೀಕು, ನಮ್ಮದೇ ವಾಯುಪಡೆಯ ನ್ಯಾಟ್ ವಿಮಾನಗಳು ಶತ್ರು ಅಂದುಕೊಂಡು ದಾಳಿ ಮಾಡಿದವು. ಗುರುತಿಗೆ ಅಂತ ದೋಣಿಗಳ ಮೇಲೆ ಹಳದಿ ಬಣ್ಣ ಇತ್ತು, ಆದರೂ ಉಪಯೋಗವಾಗಲಿಲ್ಲ. ಪದ್ಮಾ, ಪಲಾಶ್ ಎರಡೂ ಹೋದವು. ಪಲಾಶ್‌ನ ಎಂಜಿನ್ ರೂಮಿನ ರುಹುಲ್ ಅಮೀನ್ ದೋಣಿ ಬಿಡದೆ ಉಳಿಸಲು ನೋಡಿದರು, ಬದುಕಲಿಲ್ಲ. ಬಾಂಗ್ಲಾದೇಶದ ಅತ್ಯುನ್ನತ ಗೌರವ 'ಬೀರ್ ಶ್ರೇಷ್ಠೋ' ಪಡೆದ ಏಳು ಜನರಲ್ಲಿ ಅವರೊಬ್ಬರು. ಪನ್ವೇಲ್ ಉಳಿಯಿತು, ನೀರಿಗೆ ಬಿದ್ದವರನ್ನು ಎತ್ತಿಕೊಂಡಿತು.

ಸಾಮಂತ್‌ಗೆ ಮಹಾವೀರ ಚಕ್ರ ಬಂತು. ಅದು ಡಿಸೆಂಬರ್‌ನ ಹೋರಾಟಕ್ಕೆ. ಆಗಸ್ಟ್‌ನ ಆ ರಾತ್ರಿ ದಶಕಗಳ ಕಾಲ ಗುಟ್ಟಾಗಿಯೇ ಉಳಿಯಿತು. ಪತ್ರಕರ್ತ ಸಂದೀಪ್ ಉನ್ನಿಥಾನ್ ಜೊತೆ ಅವರು ಬರೆದ 'ಆಪರೇಷನ್ ಎಕ್ಸ್' ಪುಸ್ತಕ ಬಂದದ್ದು 2019ರಲ್ಲಿ. ಅದೇ ವರ್ಷ ಮಾರ್ಚ್‌ನಲ್ಲಿ ಅವರು ತೀರಿಕೊಂಡರು.

ನಾವು ಬಿ.ಕಾಂ. ಮಾಡಿದವರು ಮೂರು ತಿಂಗಳ ಇಂಟರ್ನ್‌ಶಿಪ್ಪನ್ನೂ ಲಿಂಕ್ಡ್‌ಇನ್‌ನಲ್ಲಿ ಹಾಕ್ತೇವೆ. ಹಾಕುವುದು ತಪ್ಪಲ್ಲ. ಆದರೆ ಜೀವನದ ಅತಿ ದೊಡ್ಡ ಕೆಲಸವನ್ನು ಯಾರಿಗೂ ಹೇಳದೆ ನಲವತ್ತೈದು ವರ್ಷ ಇರಬಹುದಾ? ನಿಮಗೇನನ್ನಿಸ್ತದೆ, ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ವಾರ ಸಿಗುವ.