ಹದಿನಾಲ್ಕು ವರ್ಷದ ಆಚೆ



ಶತಮಾನೋತ್ಸವದ ವೇದಿಕೆಯಲ್ಲಿ ಸಾಧಕರ ಹೆಸರುಗಳನ್ನು ಸ್ಮರಿಸುವುದು ವಾಡಿಕೆ. ನಾನಾದರೋ ಹತ್ತನೆಯ ಇಯತ್ತೆಗೇ ಓದು ನಿಲ್ಲಿಸಿದವರ ಕುರಿತು ನಾಲ್ಕು ಮಾತುಗಳನ್ನಾಡಬಯಸುತ್ತೇನೆ. ಅವರೂ ಈ ಶಾಲೆಯ ಮಕ್ಕಳೇ.

ಮಹಾರಾಷ್ಟ್ರದಲ್ಲಿ ಪೊಲೀಸ್ ಶಿಪಾಯಿಯಾಗಲು ಹನ್ನೆರಡನೆಯ ಇಯತ್ತೆ ಪಾಸಾಗಿರಬೇಕು. ತಲಾಠಿಯಾಗಲು ಪದವಿ ಬೇಕು. ಈ ಬಾಗಿಲುಗಳ ಒಳಗೆ ತಿಂಗಳ ಸಂಬಳವಿದೆ, ರಜೆಯಿದೆ, ಮುಪ್ಪಿಗೆ ಆಸರೆಯಿದೆ. ಹೊರಗುಳಿದವರಲ್ಲಿ ನಮ್ಮ ಜತ್ತ ತಾಲೂಕಿನ ಹಲವರಿಗೆ ಗತಿ ಕಬ್ಬಿನ ಹಂಗಾಮು. ಮುಕಾದಮನಿಂದ ಮುಂಗಡ ಪಡೆದು, ದೀಪಾವಳಿಯ ಸುಮಾರಿಗೆ ಗಂಡಹೆಂಡಿರು ಸಕ್ಕರೆ ಕಾರ್ಖಾನೆಗಳ ಕಡೆಗೆ ಹೊರಡುತ್ತಾರೆ. ಲೆಕ್ಕದ ವಹಿಯಲ್ಲಿ ಅವರಿಬ್ಬರೂ ಸೇರಿ ಒಂದು ‘ಕೊಯ್ತಾ’. ಕೂಲಿ ಟನ್ನಿನ ಮೇಲೆ. ಜ್ವರ ಬಂದು ಮಲಗಿದ ದಿನ ಕೂಲಿಯಿಲ್ಲ. ಒಂದೇ ಬೆಂಚಿನ ಮೇಲೆ ಕುಳಿತು ಕಲಿತವರ ನಡುವೆ ಎರಡು ವರ್ಷಗಳ ಓದು ಇಷ್ಟು ಅಂತರವನ್ನು ತರುವುದಾದರೆ, ಅದನ್ನು ಬುದ್ಧಿಯ ಅಂತರವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

1882ರಲ್ಲಿ ಮಹಾತ್ಮಾ ಜೋತಿಬಾ ಫುಲೆಯವರು ಹಂಟರ್ ಆಯೋಗಕ್ಕೆ ಮನವಿ ಸಲ್ಲಿಸಿ, ರೈತನ ದುಡಿಮೆಯಿಂದ ಬಂದ ಕಂದಾಯವು ಮೇಲುವರ್ಗದವರ ಉಚ್ಚಶಿಕ್ಷಣಕ್ಕೆ ವ್ಯಯವಾಗುತ್ತಿದೆಯೆಂದು ಆಕ್ಷೇಪಿಸಿದರು. ಕನಿಷ್ಠ 12 ವರ್ಷದವರೆಗಾದರೂ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಬೇಕೆಂದರು. ನೆರೆಯ ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು 1917ರಲ್ಲಿ ಅದನ್ನು ಉಚಿತವೂ ಕಡ್ಡಾಯವೂ ಮಾಡಿದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ 14 ವರ್ಷದವರೆಗೆ. ಫುಲೆಯವರು ಕೇಳಿ 127 ವರ್ಷಗಳಾದ ಮೇಲೆ ನಾವು ಮುಂದೆ ಸರಿದದ್ದು ಎರಡೇ ವರ್ಷ! 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 18 ವರ್ಷದವರೆಗಿನ ಮಾತನ್ನಾಡುತ್ತದೆ. ಕಾಯ್ದೆ ಮಾತ್ರ ಅಲ್ಲಿಯೇ ನಿಂತಿದೆ.

ಬಡವರ ಮನೆಗೆ ನಿಜವಾದ ಖರ್ಚು ಬರುವುದು ಆ ವಯಸ್ಸಿನ ನಂತರವೇ. ಕಾಲೇಜಿರುವ ಊರಿನಲ್ಲಿ ಕೋಣೆಯ ಬಾಡಿಗೆ, ಊಟ. ಅದರ ಜೊತೆಗೆ ಮಗ ದುಡಿದು ತರಬಹುದಾಗಿದ್ದ ಕೂಲಿಯೂ ಇಲ್ಲ. ಶುಲ್ಕ ಮಾಫಿ ಇವಾವುದನ್ನೂ ತುಂಬಿಕೊಡುವುದಿಲ್ಲ. ನಮ್ಮ ಮಕ್ಕಳಿಗೆ ಇನ್ನೊಂದು ತೊಡಕುಂಟು: ಹನ್ನೊಂದನೆಯ ಇಯತ್ತೆಯಲ್ಲಿ ಬಹುತೇಕರಿಗೆ ಮಾಧ್ಯಮವೇ ಬದಲಾಗುತ್ತದೆ. ಕನ್ನಡದಲ್ಲಿ ಚುರುಕಾಗಿ ಉತ್ತರಿಸುತ್ತಿದ್ದ ಹುಡುಗಿ ಮರಾಠಿ ಇಲ್ಲವೆ ಇಂಗ್ಲಿಷ್ ತರಗತಿಯಲ್ಲಿ ಮೌನಿಯಾಗುತ್ತಾಳೆ. ಇದಕ್ಕಾಗಿ ಕನ್ನಡ ಮಾಧ್ಯಮವನ್ನು ದೂಷಿಸುವವರಿದ್ದಾರೆ. ದಾಟುವ ಕಡೆಯಲ್ಲಿ ಸೇತುವೆಯಿಲ್ಲದಿದ್ದರೆ ಅದು ದಡದ ತಪ್ಪೇ?

ಶಿಕ್ಷಕಿಯಾದ ನಾನು ಹೇಳಬಾರದ ಮಾತೆಂದು ಕೆಲವರಿಗೆ ಅನಿಸಬಹುದು: ಎಲ್ಲರೂ ಪದವೀಧರರಾದರೂ ಕಬ್ಬು ಕಡಿಯುವ ಕೈಗಳು ಬೇಕೇ ಬೇಕು. ಆದುದರಿಂದ ವಸತಿಗೃಹ, ವಿದ್ಯಾರ್ಥಿವೇತನಗಳಷ್ಟೇ ಸಾಲವು. ಓದದೆ ಉಳಿದವರ ಕೂಲಿ, ಅವರ ಆಸ್ಪತ್ರೆ, ಅವರ ವೃದ್ಧಾಪ್ಯ, ಇವೂ ಸರಕಾರದ ಹೊಣೆಯೇ. ಆ ಕೂಲಿಯಿಂದಲೇ ಅವರು ತಮ್ಮ ಮಕ್ಕಳನ್ನು ಓದಿಸಬೇಕಲ್ಲವೇ?

ಶತಮಾನೋತ್ಸವ ನಿಧಿಯಿಂದ ಮಹಾದ್ವಾರವನ್ನು ಕಟ್ಟಿಸುವ ಸಲಹೆ ಬಂದಿದೆ. ದ್ವಾರ ಸ್ವಲ್ಪ ಚಿಕ್ಕದಾದರೂ ಚಿಂತೆಯಿಲ್ಲ. ಅರ್ಧ ಹಣ ಹತ್ತನೆಯದು ಮುಗಿಸಿದ ಮಕ್ಕಳ ಬಾಡಿಗೆ, ಊಟಗಳಿಗೆ ಮೀಸಲಾಗಲೆಂದು ಸಮಿತಿಯನ್ನು ಪ್ರಾರ್ಥಿಸುತ್ತೇನೆ. ಪರೀಕ್ಷೆ ಮುಗಿದ ಮೇಲಿನ ರಜೆಯಲ್ಲಿ ಆ ಮಕ್ಕಳಿಗೆ ಮರಾಠಿ, ಇಂಗ್ಲಿಷ್‌ಗಳಲ್ಲಿ ವಿಜ್ಞಾನ, ಗಣಿತಗಳ ಪರಿಭಾಷೆಯನ್ನು ಕಲಿಸಬಲ್ಲ ಹಳೆಯ ವಿದ್ಯಾರ್ಥಿಗಳು ಇಂದೇ ಕಚೇರಿಯಲ್ಲಿ ಹೆಸರು ಬರೆಸಿ ಹೋಗಬೇಕು.